ಹದಿನಾಲ್ಕನೆಯ ದಿನದ ಎಣಿಕೆ

ಹೊಸ ಹಾಡೊಂದು ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಕ್ಷಣ ಉತ್ತರ ಕೊಡುವುದಿಲ್ಲ. ಹದಿನಾಲ್ಕು ದಿನ ತಡೀರಿ, ಹೇಳುತ್ತೇನೆ ಅನ್ನುತ್ತೇನೆ. ಕೇಳಿದವರು ಬೆಪ್ಪಾಗಿ ನೋಡುತ್ತಾರೆ. ಮಗಳಂತೂ "ಅಷ್ಟೊತ್ತಿಗೆ ಆ ಹಾಡು ಹಳೇದಾಗಿ ಹೋಗಿರ್ತೈತಿ ಬಿಡು" ಎಂದು ಛೇಡಿಸುತ್ತಾಳೆ. ಛೇಡಿಸಲಿ. ಈ ಚಾಳಿ ನನ್ನದಲ್ಲ, ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ನನ್ನ ಎದುರು ಮೇಜಿನಲ್ಲಿ ಏಳು ವರ್ಷ ಕೂತಿದ್ದ ಒಬ್ಬ ಮನುಷ್ಯನದು. ಅವರಿಗೆ ನಾನು ಮಾಡಿದ್ದನ್ನು ನೆನೆದರೆ ಹದಿನಾಲ್ಕು ದಿನವಲ್ಲ, ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದರೂ ಕಡಿಮೆಯೇ.

ನಾನು ಆ ಕಂಪನಿಗೆ ಸೇರಿದ್ದು ಎರಡು ಸಾವಿರದ ಒಂದರಲ್ಲೋ ಎರಡರಲ್ಲೋ. ನಮ್ಮದು ಬೀಜ ಪರೀಕ್ಷೆಯ ಕೋಣೆ. ಹಸಿ ಕಾಗದದ ಮೇಲೆ ನೂರು ನೂರು ಬೀಜ ಜೋಡಿಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಎಷ್ಟು ಮೊಳೆತವು ಎಂದು ಎಣಿಸುವುದು ಕೆಲಸ. ಟೊಮೆಟೊ ಬೀಜಕ್ಕೆ ಐದನೆಯ ದಿನ ಮೊದಲ ಎಣಿಕೆ, ಹದಿನಾಲ್ಕನೆಯ ದಿನ ಕೊನೆಯ ಎಣಿಕೆ. ನಡುವೆ ಎಷ್ಟೇ ಅವಸರವಾದರೂ ಫಲಿತಾಂಶ ಬರೆಯುವ ಹಾಗಿಲ್ಲ. ಬರೆಯುವಾಗಲೂ ಮೂರೇ ಮಾತು: ಮೊಳೆತದ್ದು, ಸೊಟ್ಟ ಮೊಳೆತದ್ದು, ಸತ್ತದ್ದು.

ಆ ಕೋಣೆಯ ಹಿರಿಯರು ಅವರು. ಎಲ್ಲರೂ ಅವರನ್ನು ಅಣ್ಣಾರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮನೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಸೀಸನ್ನಿನಲ್ಲಿ ಅವರು ಒಳಗೆ ಬಂದು ಕೈಚೀಲ ಕೊಡವಿದರೆ ಸಾಕು, ಕೋಣೆಯಲ್ಲಿದ್ದವರೆಲ್ಲ ಸರದಿಯಂತೆ ಸೀನುತ್ತಿದ್ದೆವು. ಅವರು ಮಾತ್ರ ಮೂರು ಸಲ ಸೀನಿ, ಮೂಗೊರೆಸಿಕೊಂಡು, "ಹಾಜರಿ ಆತು" ಅನ್ನುತ್ತಿದ್ದರು.

ಸೇರಿದ ಮೊದಲನೆಯ ಸೋಮವಾರವೇ ನನ್ನ ಮೇಜಿನ ಮೇಲೊಂದು ಕ್ಯಾಸೆಟ್ ಇಟ್ಟರು. ಡಬ್ಬಿ ತೆರೆದೆ, ಸೀನಿದೆ.

"ಇದೇನ್ರಿ ಅಣ್ಣಾರ?"

"ಆಫ್ರಿಕಾದ ಡೋಲು ತಂಗಿ. ಹೊಸಾದು ಬಂದೈತಿ. ಕೇಳು."

"ನನಗ ತಿಳಿಯಂಗಿಲ್ರಿ ಅವೆಲ್ಲ."

"ತಿಳೀಲಿ ಅಂತ ಯಾರ ಅಂದ್ರು? ಕೇಳು ಅಂದೆ. ನಾಳೆ ಬಂದು ಹೆಂಗೈತಿ ಅಂತ ಹೇಳಬ್ಯಾಡ ಮತ್ತ. ಐದನೇ ದಿನಕ್ಕೊಮ್ಮೆ ಹೇಳು, ಹದಿನಾಲ್ಕನೇ ದಿನಕ್ಕೊಮ್ಮೆ ಹೇಳು. ನಡುವ ಬಾಯಿ ಮುಚ್ಚಿಕೊಂಡಿರು."

ಐದನೆಯ ದಿನ ನಾನು, ತಲೆನೋವು ಬಂತು ಅಂದೆ. ಅವರಿಗೇನೂ ಬೇಸರವಾಗಲಿಲ್ಲ. ಹದಿಮೂರನೆಯ ದಿನ ಬೀಜ ಎಣಿಸುತ್ತ ಕೂತವಳು ಅರವತ್ಮೂರಕ್ಕೆ ಲೆಕ್ಕ ತಪ್ಪಿದೆ. ನೋಡಿದರೆ ಚಿಮಟ ಹಿಡಿದ ನನ್ನ ಕೈ ಮೇಜಿನ ಮೇಲೆ ಆ ಡೋಲಿನ ಪೆಟ್ಟು ಹಾಕುತ್ತಿದೆ! ಎದುರು ಕೂತವರು ಕನ್ನಡಕದ ಮೇಲಿಂದ ನೋಡಿ ಎಷ್ಟು ಹಿಗ್ಗಿದರೆಂದರೆ, ಎದ್ದು ನಿಂತು ಪಕ್ಕದ ಕೋಣೆಗೆ ಕೇಳುವಂತೆ ಕೂಗಿದರು: "ಮೊಳಕಿ ಒಡೀತ್ರೋ! ಒಂದು ದಿನ ಮೊದಲ ಒಡೀತು!"

ಅವರ ರುಚಿಗೆ ಎಲ್ಲೆಯೇ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಪ್ಯಾಸೆಂಜರ್ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಹೊಸದಾಗಿ ಬಂದದ್ದನ್ನೆಲ್ಲ ತಡಕಾಡಿ ಚೀಲ ತುಂಬಿಕೊಂಡು ಬರುವರು. ವಾರದ ನಡುವೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿ. ಒಂದೇ ಚೀಲದಲ್ಲಿ ಶಹನಾಯಿ, ಲಂಬಾಣಿ ತಾಂಡಾದ ಹೆಂಗಸರ ಹಾಡು, ಯಾವುದೋ ಹಿಮದ ದೇಶದ ಪಿಟೀಲು, ಕದರಮಂಡಲಗಿ ಕಡೆಯ ಭಜನೆಯವರು ತಾವೇ ಖರ್ಚು ಹಾಕಿ ಹೊರತಂದ ಮೊದಲನೆಯ ಕ್ಯಾಸೆಟ್ಟು. ಸೋಮವಾರ ಚಹಾದ ಹೊತ್ತಿಗೆ ಹಂಚಿಕೆ. ಯಾರಿಗೆ ಯಾವುದು ಎನ್ನುವುದನ್ನು ಅವರೇ ತೀರ್ಮಾನಿಸುವರು. ಸದಾ ಸಿಡುಕುವ ಮ್ಯಾನೇಜರರಿಗೆ ಲಾಲಿಹಾಡು. ವಾಚ್‌ಮನ್ನನಿಗೆ ಕವ್ವಾಲಿ. ಪ್ಯಾಕಿಂಗಿನ ಹೆಂಗಸರಿಗೆ ಆ ಹಿಮದ ದೇಶದ ಪಿಟೀಲು ಕೊಟ್ಟಾಗ ನಾವೆಲ್ಲ ನಕ್ಕಿದ್ದೆವು. ಎರಡು ವಾರದ ಮೇಲೆ ಆ ಹೆಂಗಸರು ಕ್ಯಾಸೆಟ್ ವಾಪಸ್ಸು ಕೊಡಲು ಒಪ್ಪಲಿಲ್ಲ.

"ಹಾಡು ಕಪಾಟಿನ್ಯಾಗ ಇಟ್ರ ಸಾಯ್ತೈತಿ ತಂಗಿ. ಬೀಜ ಹೆಂಗ, ಹಂಗ. ಮಂದಿ ಕೈಯಾಗ ಹೋಗಬೇಕು" ಅನ್ನುವರು.

ಹಾಗೆಂದು ಅವರೇನು ಸಾಧು ಮನುಷ್ಯ ಅಂದುಕೊಳ್ಳಬೇಡಿ. ಬಲೇ ಕಾಟ. "ಪರವಾಗಿಲ್ಲರಿ" ಎಂದರೆ ಮೈಮೇಲೆ ಬರುವರು. "ಪರವಾಗಿಲ್ಲ ಅಂತ ಯಾವ ಬೀಜಕ್ಕ ಬರೀತೀ? ಮೊಳೀತೋ, ಸೊಟ್ಟೋ, ಸತ್ತೈತೋ ಅಷ್ಟ ಹೇಳು." ಊರೆಲ್ಲ ಕುಣಿಯುತ್ತಿದ್ದ ಸಿನಿಮಾ ಹಾಡನ್ನು ಸತ್ತ ಬೀಜ ಎಂದುಬಿಟ್ಟು ನಮ್ಮ ಡ್ರೈವರನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಆದರೆ ನಾನು ನಿಜವಾಗಿ ಇಷ್ಟವಾಗದ್ದನ್ನು "ಸತ್ತೈತ್ರಿ ಅಣ್ಣಾರ" ಎಂದು ನೇರವಾಗಿ ಹೇಳಿದ ದಿನ ಅವರ ಮುಖ ಅರಳುತ್ತಿತ್ತು. "ಖರೇ ಹೇಳಿದಿ. ನಿನ್ನ ಎಣಿಕಿ ಚಲೋ ಐತಿ" ಅನ್ನುವರು. ಬೀಜದ ಎಣಿಕೆಗೆ ಯಾರೂ ನನ್ನನ್ನು ಅಷ್ಟು ಹೊಗಳಿರಲಿಲ್ಲ.

ಇನ್ನೊಂದು ಹುಚ್ಚಿತ್ತು. ಹೊಸದಾಗಿ ಸಿಡಿಗಳು ಬಂದಾಗ ನಮ್ಮ ಮನೆಗಳಲ್ಲಿ ಇನ್ನೂ ಟೇಪ್‌ರೆಕಾರ್ಡರುಗಳೇ. ಅವರು ಮನೆಯಲ್ಲಿ ಸಿಡಿ ಮಷೀನು ಹಚ್ಚಿ, ಅದರ ಸ್ಪೀಕರಿನ ಮುಂದೆ ತಮ್ಮ ಹಳೆಯ ಟೇಪ್ ಇಟ್ಟು ನಮಗಾಗಿ ಕ್ಯಾಸೆಟ್ಟಿಗೆ ಇಳಿಸಿಕೊಡುವರು. ವೈರು ಹಚ್ಚಿ ಇಳಿಸಿದರೆ ಹಾಡಿನ ಜೀವ ಹೋಗುತ್ತದೆ ಅಂತ ಅವರ ವಾದ. ಹಾಗಾಗಿ ಹಾಡಿನ ನಡುವೆ ಅವರ ಮನೆಯ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಹೆಂಡತಿ ಯಾರನ್ನೋ ಬೈಯುತ್ತಿದ್ದರು, ಮೂರು ಸೀನುಗಳಂತೂ ಖಾಯಂ.

ಅವರ ಕಿವಿ ಹೋದದ್ದು ಮೆಲ್ಲಗೆ. ಪರೀಕ್ಷೆಯ ಕೋಣೆಗೆ ಬರುವ ಮೊದಲು ಹದಿನೈದು ವರ್ಷ ಅವರು ಬೀಜ ಜರಡಿ ಹಿಡಿಯುವ ಮಷೀನಿನ ಮೇಲಿದ್ದರು. ಆ ಗದ್ದಲ ಒಳಗೇ ಕೂತಿತ್ತೋ ಏನೋ. ಮೊದಲು ಟೆಲಿಫೋನಿನ ಗಂಟೆ ಕೇಳದಾಯಿತು. ಆಮೇಲೆ ಕರೆದರೆ ತಿರುಗುವುದು ನಿಂತಿತು. ಹುಬ್ಬಳ್ಳಿಯ ಡಾಕ್ಟರು ಕಿವಿಗೊಂದು ಮಷೀನು ಕೊಟ್ಟರು. ಒಂದು ವಾರ ಹಾಕಿಕೊಂಡು ತಿರುಗಾಡಿ, ಒಂದು ದಿನ ಚಹಾದ ಹೊತ್ತಿಗೆ ಅದನ್ನು ಕಿತ್ತು ಮೇಜಿನ ಮೇಲಿಟ್ಟರು.

"ಇದರಾಗ ಮಾತು ಕೇಳ್ತಾವ ತಂಗಿ. ಹಾಡು ಕೇಳಂಗಿಲ್ಲ. ಶಹನಾಯಿ ಹಚ್ಚಿದೆ, ಬಾಗಿಲಾ ಕಿರಗುಟ್ಟಿದಂಗ ಕೇಳತು."

ನಾನು ಬೀಜಗಳನ್ನು ನೋಡುತ್ತ ಕೂತೆ.

ಅಷ್ಟಕ್ಕೆ ಬಿಟ್ಟವರಲ್ಲ. ದೊಡ್ಡದೊಂದು ಹೆಡ್‌ಫೋನ್ ತಂದರು. ಅದನ್ನು ಸಿಡಿ ಮಷೀನಿಗೆ ಸಿಕ್ಕಿಸಿ, ದನಿಯನ್ನು ಪೂರಾ ಏರಿಸಿದರೆ ಎಲ್ಲೋ ದೂರದಲ್ಲಿ ಒಂದಿಷ್ಟು ಕೇಳುತ್ತದೆ ಅನ್ನುವರು. ಹುಬ್ಬಳ್ಳಿಗೆ ಹೋಗುವುದೂ ನಿಲ್ಲಲಿಲ್ಲ, ಸೋಮವಾರದ ಹಂಚಿಕೆಯೂ ನಿಲ್ಲಲಿಲ್ಲ. ಆದರೆ ಅದರ ಅರ್ಥ ಬದಲಾಗಿತ್ತು. ಮೊದಲು ತಾವು ಕೇಳಿ ನಮಗೆ ಕೊಡುತ್ತಿದ್ದರು. ಈಗ ನಾವು ಕೇಳಿ ಅವರಿಗೆ ಹೇಳಬೇಕಿತ್ತು.

"ನನ್ನ ಕಿವಿ ಈಗ ನಿನ್ನ ಕಡೆ ಐತವಾ. ಹುಷಾರಾಗಿ ಇಟ್ಕೋ" ಎಂದು ನಗುತ್ತಲೇ ಹೇಳಿದ್ದರು.

ಮೊದಮೊದಲು ನಾನು ನಿಯತ್ತಿನಿಂದಲೇ ಕೇಳಿದೆ. ಹದಿನಾಲ್ಕನೆಯ ದಿನ ಅವರು ತಮ್ಮ ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಎಳೆದುಕೊಂಡು, ನನ್ನ ತುಟಿಗಳನ್ನೇ ನೋಡುತ್ತ ಕೂರುತ್ತಿದ್ದರು. ಎಲ್ಲಿ ಏರಿತು, ಎಲ್ಲಿ ತಡೆಯಿತು, ಯಾವ ವಾದ್ಯ ಮೊದಲು ಬಂತು ಎಂದು ನಾನು ಕೈಯಾಡಿಸುತ್ತ ಗಟ್ಟಿಯಾಗಿ ಹೇಳುತ್ತಿದ್ದೆ. ಹೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ತಲೆದೂಗುತ್ತ ಕೂತಿರುತ್ತಿದ್ದರು. ನನ್ನ ಒರಟು ಮಾತಿನಲ್ಲಿ ಅವರಿಗೆ ಅದೇನು ಕೇಳುತ್ತಿತ್ತೋ ದೇವರೇ ಬಲ್ಲ.

ಆಮೇಲೆ ಮಗಳು ಹುಟ್ಟಿದಳು. ಅತ್ತೆ ಹಾಸಿಗೆ ಹಿಡಿದರು. ಮನೆಯಲ್ಲಿ ಟೇಪ್ ಹಚ್ಚಿದರೆ ಕೂಸು ಎದ್ದುಬಿಡುತ್ತಿತ್ತು. ನೆಪ ಹೇಳುತ್ತಿಲ್ಲ, ಆದದ್ದು ಹೇಳುತ್ತಿದ್ದೇನೆ. ಒಂದು ಸೋಮವಾರ ಅರ್ಧ ಕೇಳಿ ಪೂರಾ ಕೇಳಿದೆ ಅಂದೆ. ಇನ್ನೊಂದು ಸಲ ಎರಡೇ ಹಾಡು ಕೇಳಿದೆ. ಮತ್ತೊಂದು ಸಲ ಡಬ್ಬಿಯ ಮೇಲಿನ ಚೀಟಿಯನ್ನಷ್ಟೇ ಓದಿಕೊಂಡು ಬಂದು ಹೇಳಿದೆ. ಅವರು ನಂಬಿದರು. ನಂಬಿದರಲ್ಲ, ಅದಕ್ಕೇ ನನಗೆ ರೂಢಿಯಾಯಿತು.

"ಎರಡನೇ ಬಾಜೂಕ ಏನೈತಿ?" ಎಂದು ಕೇಳಿದರೆ, "ಎರಡನೇ ಬಾಜೂನ ಚಲೋ ಐತ್ರಿ" ಅನ್ನುವುದನ್ನು ಕಲಿತೆ. ಎಂಥ ನಾಚಿಕೆಗೇಡು.

ಕೊನೆಗೆ ಆ ಕ್ಲಾರಿನೆಟ್ ಬಂತು.

ಹಾವೇರಿಯಲ್ಲಿ ಮದುವೆಯ ಬ್ಯಾಂಡಿನಲ್ಲಿ ಊದುವ ಒಬ್ಬ ಮುದುಕನಿದ್ದನಂತೆ. ಜೀವಮಾನವೆಲ್ಲ ದಿಬ್ಬಣದ ಮುಂದೆ ಊದಿದವನು, ಒಮ್ಮೆಯಾದರೂ ಕೂತು ತನಗೆ ಬೇಕಾದದ್ದನ್ನು ಊದಬೇಕು ಅಂತ ಹುಬ್ಬಳ್ಳಿಗೆ ಹೋಗಿ ಸಿಡಿ ಮಾಡಿಸಿದ್ದ. ಅದನ್ನು ಯಾವ ಅಂಗಡಿಯವರೂ ಇಟ್ಟುಕೊಳ್ಳಲಿಲ್ಲ. ಸುದ್ದಿ ಸಿಕ್ಕಿದ್ದೇ ಅಣ್ಣಾರು ರಜೆ ಹಾಕಿ ಹಾವೇರಿಗೆ ಹೋಗಿ, ಆತನ ಮನೆಯಿಂದಲೇ ಒಂದು ತಂದಿದ್ದರು. ಮರು ಸೋಮವಾರ ಕ್ಯಾಸೆಟ್ಟಿಗೆ ಇಳಿಸಿ ತಂದು ನನ್ನ ಕೈಯಲ್ಲಿಟ್ಟರು. ಮೇಜಿನ ಮೇಲಲ್ಲ, ಕೈಯಲ್ಲಿ.

"ತಂಗಿ, ಹೆಡ್‌ಫೋನಿನ್ಯಾಗ ನನಗ ಒಂದಷ್ಟು ಕೇಳತು. ಭಾಳ ದಿನದ ಮ್ಯಾಲ ಕೇಳತು. ಅದು ಖರೇನೋ, ನನ್ನ ಮನಸಿನ ಆಸೇನೋ ಗೊತ್ತಾಗವಲ್ದು. ನೀ ಕೇಳಿ ಹೇಳು. ನೀ ಮೊಳೀತು ಅಂದ್ರ ಇನ್ನೊಂದು ಹತ್ತು ಮಾಡಿ ಹಂಚ್ತೀನಿ. ಆ ಮುದುಕಗೂ ಹೋಗಿ ಹೇಳಿ ಬರ್ತೀನಿ. ಯಾರರೆ ಕೇಳಿದ್ರೇನು ಅಂತ ಕಾಯಾಕತ್ತಾನ ಅಂವ."

ಕ್ಯಾಸೆಟ್ಟನ್ನು ಮನೆಯ ಕಪಾಟಿನಲ್ಲಿಟ್ಟೆ. ಐದನೆಯ ದಿನ ಅವರು ಕೇಳಲಿಲ್ಲ; ಹೆದರಿಕೆಯಾಗಿತ್ತೆಂದು ಈಗ ಅನಿಸುತ್ತದೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ನಾನು ಟೊಮೆಟೊ ಬೀಜದ ಕಾಗದ ಬಿಡಿಸುತ್ತಿದ್ದಾಗ ಅವರು ಬಂದು ನಿಂತರು. ಆಗಲೇ ನನಗೆ ನೆನಪಾದದ್ದು. ಡಬ್ಬಿಯನ್ನು ತೆರೆದೂ ಇರಲಿಲ್ಲ. ಕೇಳಿಲ್ಲರಿ ಅಣ್ಣಾರ, ಇನ್ನೊಂದು ವಾರ ಕೊಡ್ರಿ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಅವರ ಮುಖ ನೋಡಿ ಬಾಯಿ ತಾನೇ ಆಡಿತು.

"ಭಾಳ ಚಲೋ ಐತ್ರಿ. ಆ ಕ್ಲಾರಿನೆಟ್ ಅಂದ್ರ ಅಳತೈತ್ರಿ, ಖರೇನ ಅಳತೈತಿ. ಮನ್ಯಾಗ ಎಲ್ಲಾರೂ ಕೇಳಿದ್ವಿ."

"ಅಳತೈತಿ ಅಂದ್ಯಾ?" ಅವರ ಕಣ್ಣು ತುಂಬಿತು. "ನನಗೂ ಹಂಗ ಅನಿಸಿತ್ತು ನೋಡು. ಅಂದ್ರ ಕಿವಿ ಇನ್ನೂ ಪೂರಾ ಹೋಗಿಲ್ಲ ತಂಗಿ. ಇನ್ನೂ ಇಷ್ಟು ಉಳದೈತಿ." ಬೆರಳ ತುದಿಯಲ್ಲಿ ಒಂದು ಟೊಮೆಟೊ ಬೀಜದಷ್ಟು ತೋರಿಸಿದರು.

ಮುಂದಿನ ವಾರ ಅವರು ನಿಜಕ್ಕೂ ಹತ್ತು ಕ್ಯಾಸೆಟ್ ಇಳಿಸಿ, ಚೀಲ ತುಂಬಿಕೊಂಡು ಹಂಚಲು ಹೊರಟರು. ನಮ್ಮ ಕೋಣೆಗೆ ಮಾತ್ರ ತರಲಿಲ್ಲ. ನಿನ್ನದು ಮೊದಲನೇದು, ಉಳಿದವರು ನಿನ್ನ ಕಡೆ ಇಸಗೊಂಡು ಕೇಳಲಿ ಅಂದರು. ಯಾರೂ ಇಸಿದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಅದಾದ ಮೇಲಿನ ಸೋಮವಾರ ಚಹಾ ಬಂತು, ಹಂಚಿಕೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಚೀಲದಲ್ಲಿ ಊಟದ ಡಬ್ಬಿಯೊಂದೇ ಬರುತ್ತಿತ್ತು. ಯಾಕ್ರಿ ಅಣ್ಣಾರ ಎಂದು ಒಂದು ಸಲ ಕೇಳಿದೆ. "ಸಾಕಾತು ತಂಗಿ" ಅಂದರು. ಕಿವಿಯ ಬೇಜಾರು ಅಂದುಕೊಂಡೆ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ: ನನಗೆ ಹಗುರವಾಯಿತು. ಇನ್ನು ಸುಳ್ಳು ಹೇಳುವ ತಾಪತ್ರಯವಿಲ್ಲವಲ್ಲ ಅಂತ ಒಳಗೊಳಗೇ ನಿರಾಳವಾದೆ.

ಒಂದು ವರ್ಷದ ಮೇಲೆ ನಿವೃತ್ತರಾದರು. ಶಾಲು ಹೊದಿಸಿ, ಹಾರ ಹಾಕಿ, ಅವಲಕ್ಕಿ ತಿಂದೆವು. ಅವತ್ತು ಅವರು ತಮ್ಮ ಹಳೆಯ ಕ್ಯಾಸೆಟ್ಟುಗಳನ್ನು ತಂದು ಎಲ್ಲರಿಗೂ ಕೈಗೆ ಬಂದದ್ದನ್ನು ಕೊಟ್ಟರು. ನಾನೂ ಕೈ ಚಾಚಿದೆ. ನನ್ನ ಕೈಯನ್ನು ಹಿಡಿದುಕೊಂಡು, ಮೆಲ್ಲಗೆ ಕೆಳಗಿಳಿಸಿ, "ನಿನಗ ಬ್ಯಾಡ ಬಿಡವಾ. ನಿನಗ ಟೈಮ್ ಸಿಗಂಗಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೂಸಿನ ಗಡಿಬಿಡಿ ನೋಡಿ ಹಾಗಂದರು ಎಂದು ನಾನು ಎಲ್ಲರೆದುರಿಗೆ ನಕ್ಕೆ.

ಮತ್ತೊಂದು ವರ್ಷವೂ ತುಂಬಿರಲಿಲ್ಲ, ಎದೆನೋವಿನಿಂದ ಹೋದರೆಂದು ಸುದ್ದಿ ಬಂತು. ಬ್ಯಾಡಗಿಗೆ ಓಡಿದೆ. ಮೆಣಸಿನಕಾಯಿ ಸೀಸನ್ನು ಭರ್ತಿ ನಡೆದಿತ್ತು. ಓಣಿಗೆಲ್ಲ ಘಾಟು. ಅಂಗಳದಲ್ಲಿ ಕೂತವರಲ್ಲಿ ಯಾರು ಅಳುತ್ತಿದ್ದಾರೆ, ಯಾರು ಘಾಟಿಗೆ ಕಣ್ಣೊರೆಸುತ್ತಿದ್ದಾರೆ ಗೊತ್ತಾಗುತ್ತಿರಲಿಲ್ಲ. ಅಣ್ಣಾರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ನಡುನಡುವೆ ಸೀನುತ್ತ, "ನೀವೂ ಒಮ್ಮೆ ಸೀನ್ರಿ... ಒಮ್ಮೆ ಸೀನ್ರೀ" ಎಂದು ಗಂಡನ ಕಡೆ ಬಾಗಿ ಅಳುತ್ತಿದ್ದರು. ಅದನ್ನು ಕೇಳಲಾಗಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತಾತ ಮಾತಿಗೆಳೆದ. ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿಯವನಂತೆ. ನಾನು ಅದೇ ಕಂಪನಿಯವಳೆಂದು ಕೇಳಿ, "ಹಂಗಾರ ನಿಮಗ ಗೊತ್ತಿರಬೇಕ್ರಿ" ಎಂದು ಶುರು ಮಾಡಿದ.

"ಒಂದು ದಿನ ಕ್ಲಾರಿನೆಟ್ ಕ್ಯಾಸೆಟ್ ಕೊಟ್ಟು ಹೋದ್ರು. ಹಚ್ಚಿ ನೋಡತೇನಿ, ಹಾಡೇ ಇಲ್ಲ! ಮರುದಿನ ಹೇಳಿದೆ. ನಂಬಲಿಲ್ರಿ ಆ ಮನಷ್ಯಾ. 'ನಮ್ಮ ಆಫೀಸಿನ ತಂಗಿ ಕೇಳ್ಯಾಳ, ಅಳತೈತಿ ಅಂದಾಳ, ನಿನ್ನ ಮಷೀನ್ ಕೆಟ್ಟೈತಿ' ಅಂತ ನನಗ ಬೈದ್ರು. ಅವರಿಗೆ ಕೇಳಸಂಗಿಲ್ಲ, ಹೆಂಗ ತೋರಸೋದು? ನನ್ನ ದೊಡ್ಡ ಡೆಕ್ಕಿನ್ಯಾಗ ಹಾಕಿದೆ. ಹಾಡು ಬಂದ್ರ ಹಸರ ದೀಪ ಏರಿ ಇಳೀತಾವಲ್ರಿ, ಅವನ್ನ ನೋಡ್ರಿ ಅಂದೆ. ಮೊದಲ ಬ್ಯಾರೆ ಕ್ಯಾಸೆಟ್ ಹಾಕಿದೆ, ದೀಪ ಕುಣದ್ವು. ಇವರದು ಹಾಕಿದೆ, ಎಲ್ಲೋ ಒಂದು ಸೀನಿಗೆ ಮಿಣಕ್ ಅಂದ್ವು ಅಷ್ಟ, ಕುಣೀಲಿಲ್ಲ. ಇನ್ನೊಂದು ಕಾಪಿ ತಗದ್ರು, ಅದೂ ಹಂಗ. ಚೀಲದಾಗಿನವು ಎಲ್ಲಾ ಹಾಕಿಸಿದ್ರು. ಆರಿದ ದೀಪ ನೋಡಿಕೊಂತ ಭಾಳ ಹೊತ್ತು ಕುಂತ್ರು."

"ಆಮ್ಯಾಲ?" ಎಂದೆ.

"ಆಮ್ಯಾಲ ಏನಿಲ್ರಿ. 'ಹಂಗಾರ ಆಕಿ ಕೇಳಿಲ್ಲ' ಅಂದ್ರು. ಅಷ್ಟ. ಚೀಲಾ ಅಲ್ಲೇ ಬಿಟ್ಟು ಎದ್ದು ಹೋದ್ರು. ಯಾರ್ರಿ ಆ ತಂಗಿ, ಗೊತ್ತೈತೇನ್ರಿ ನಿಮಗ?"

"ಗೊತ್ತಿಲ್ರಿ" ಅಂದೆ. ಅವರ ವಿಷಯದಲ್ಲಿ ನಾನು ಹೇಳಿದ ಕೊನೆಯ ಸುಳ್ಳು ಅದು.

ಮನೆಗೆ ಬಂದು ಸ್ನಾನ ಮುಗಿಸಿ ಕಪಾಟಿನಲ್ಲಿದ್ದದ್ದನ್ನೆಲ್ಲ ಕೆಳಗೆ ಹಾಕಿದೆ. ಮಗಳ ಹಳೆಯ ಅಂಗಿಗಳ ಕೆಳಗೆ ಆ ಕ್ಯಾಸೆಟ್ ಸಿಕ್ಕಿತು. ಡಬ್ಬಿ ತೆರೆದೆ. ಎರಡು ವರ್ಷದ ಮೇಲೂ ಸೀನು ಬಂತು. ಟೇಪಿಗೆ ಹಾಕಿ ನೆಲದ ಮೇಲೆ ಕೂತೆ.

ಮೊದಲು ಅವರ ದನಿ. "ತಂಗಿ, ಈಗ ಹಚ್ಚಾಕತ್ತೇನಿ ನೋಡು." ಟಕ್ ಎಂದು ಸಿಡಿ ಮಷೀನಿನ ಗುಂಡಿ ಒತ್ತಿದ ಸದ್ದು. ಆಮೇಲೆ ಏನೂ ಇಲ್ಲ. ಈ ಸಲ ತಾವೂ ಕೇಳುವ ಆಸೆಗೆ ಹೆಡ್‌ಫೋನಿನ ಪಿನ್ನನ್ನು ಮಷೀನಿನಲ್ಲೇ ಬಿಟ್ಟಿದ್ದರು. ಅದು ಒಳಗಿದ್ದರೆ ಸ್ಪೀಕರು ಬಾಯಿ ಬಿಡುವುದಿಲ್ಲ. ಕಿವಿ ಇದ್ದವರಿಗೆ ಅರೆಕ್ಷಣದಲ್ಲಿ ತಿಳಿಯುವ ತಪ್ಪು. ಹಾಡೆಲ್ಲ ಅವರ ಹೆಡ್‌ಫೋನಿನೊಳಗೇ ನಡೆದಿತ್ತು. ಟೇಪಿನೊಳಗೆ ಬಂದದ್ದು ಅವರು ಮಾತ್ರ. ತೊಡೆಯ ಮೇಲೆ ತಾಳ ಹಾಕುವ ಕೈ. ಉಸಿರು. ಮೂರು ಸೀನು. ನಡುವೆ, "ಈಗ... ಈಗ ಏರತಾನ ನೋಡು" ಅನ್ನುವರು. ಸ್ವಲ್ಪ ಹೊತ್ತು ಬಿಟ್ಟು, "ಆಹಾ! ಕೇಳಿದೇನು? ಕೇಳಿದೇನು ತಂಗಿ?"

ಸ್ಪೀಕರಿಗೆ ಕಿವಿ ಒತ್ತಿ ಹಿಡಿದೆ. ಬಹಳ ಒಳಗೆ, ಸೊಳ್ಳೆಯ ದನಿಯಷ್ಟು ಸಣ್ಣಗೆ, ಹೆಡ್‌ಫೋನಿನಿಂದ ಸೋರಿದ ಏನೋ ಒಂದು ಇದ್ದ ಹಾಗಿತ್ತು. ಅದು ಅಳುತ್ತಿತ್ತೋ ನಗುತ್ತಿತ್ತೋ ನನಗೆ ತಿಳಿಯಲಿಲ್ಲ. ಅವರಿಗೂ ಅಷ್ಟೇ ಕೇಳಿಸುತ್ತಿತ್ತೇನೋ. ಬಾಜು ಮುಗಿಯುವ ಹೊತ್ತಿಗೆ ಗಂಟಲು ಸರಿಮಾಡಿಕೊಂಡು ಅಂದರು: "ಮುಗೀತು. ಅವಸರ ಮಾಡಬ್ಯಾಡ. ಹದಿನಾಲ್ಕು ದಿನ ಬಿಟ್ಟು ಹೇಳು. ಖರೇ ಹೇಳು, ಹಾಂ?"

ಹದಿನಾಲ್ಕು ದಿನವೂ ತಪ್ಪದೆ ಕೇಳಿದೆ. ಮಗಳು ಏಳಲಿ, ಅತ್ತೆ ಗೊಣಗಲಿ, ಬಿಡಲಿಲ್ಲ. ಹದಿನಾಲ್ಕನೆಯ ದಿನ ಟೇಪ್ ನಿಂತ ಮೇಲೆ, ಅವರ ಮುಂದೆ ಕೂತು ಮಾತಾಡುವಾಗ ಮಾಡುತ್ತಿದ್ದಂತೆ ಮುಖ ಮೇಲೆತ್ತಿ, ತುಟಿ ಬಿಡಿಸಿ, ಗಟ್ಟಿಯಾಗಿ ಹೇಳಿದೆ.

"ಅಣ್ಣಾರ, ಇದರಾಗ ಹಾಡು ಬಂದಿಲ್ರಿ. ಇನ್ನೊಮ್ಮೆ ಇಳಿಸಿಕೊಡ್ರಿ."